ಸ್ವಿಸ್ ಫುಟ್‌ಬಾಲ್‌ನಲ್ಲಿ ಯಾವ ಕ್ಲಬ್ಬನ್ನು ನಮ್ಮದು ಮಾಡಿಕೊಳ್ಳೋದು?

ದೊಡ್ಡ ಲೀಗುಗಳಲ್ಲಿ ನಾವು ಸಾಮಾನ್ಯವಾಗಿ ಆಟಗಾರನನ್ನು ನೋಡಿ ಕ್ಲಬ್ ಹಿಡಿಯುತ್ತೇವೆ. ಸ್ವಿಟ್ಜರ್ಲೆಂಡಿನಲ್ಲಿ ಈ ದಾರಿ ಹಿಡಿದರೆ ಎರಡೇ ವರ್ಷದಲ್ಲಿ ಬೇಸರವಾಗುತ್ತದೆ. ಅಲ್ಲಿ ಚೆನ್ನಾಗಿ ಆಡುವ ಹುಡುಗ 20-21 ವಯಸ್ಸಿಗೆ ಜರ್ಮನಿಗೋ ಇಂಗ್ಲೆಂಡಿಗೋ ಹೊರಟುಬಿಡುತ್ತಾನೆ. ಆ ಹಣದಿಂದಲೇ ಕ್ಲಬ್ಬುಗಳು ಮುಂದಿನ ಹುಡುಗರನ್ನು ತಯಾರು ಮಾಡುತ್ತವೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನಾನು ಎಲ್ಲ ಕ್ಲಬ್ಬುಗಳಿಗೂ ಒಂದೇ ಪ್ರಶ್ನೆ ಕೇಳಿದ್ದೇನೆ. ಆಟಗಾರರು ಹೋದ ಮೇಲೆ ಅಲ್ಲಿ ಏನು ಉಳಿಯುತ್ತದೆ?

ಮೊದಲು ಲೀಗಿನ ಲೆಕ್ಕ ತಿಳಿದುಕೊಳ್ಳೋಣ. ಮೇಲಿನ ವಿಭಾಗದ ಹೆಸರು ಸೂಪರ್ ಲೀಗ್. 2023ರಿಂದ ಅದರಲ್ಲಿ 12 ತಂಡಗಳಿವೆ. 33 ಸುತ್ತು ಮುಗಿದ ಮೇಲೆ ಮೇಲಿನ ಆರು, ಕೆಳಗಿನ ಆರು ಅಂತ ಎರಡು ಗುಂಪಾಗಿ ಒಡೆದು ಇನ್ನೂ ಐದೈದು ಪಂದ್ಯ ಆಡಿಸುತ್ತಾರೆ. ಜುಲೈನಲ್ಲಿ ಶುರು, ಮೇನಲ್ಲಿ ಕೊನೆ, ನಡುವೆ ಚಳಿಗಾಲದ ಬಿಡುವು. ದೇಶದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮಾತಾಡುವ ಭಾಗಗಳಿವೆ. ಕ್ಲಬ್ಬುಗಳ ಗುಣವೂ ಆಯಾ ಭಾಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ.

ಬಾಸೆಲ್: ಆಟಗಾರರು ಬೆಳೆಯುವುದನ್ನು ನೋಡುವ ಆಸೆ ಇದ್ದರೆ

ಹೆಚ್ಚಿನವರಿಗೆ ಗೊತ್ತಿರುವ ಸ್ವಿಸ್ ಕ್ಲಬ್ ಎಫ್‌ಸಿ ಬಾಸೆಲ್. ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್ ಮೂರೂ ಸೇರುವ ಮೂಲೆಯಲ್ಲಿ, ರೈನ್ ನದಿಯ ದಂಡೆಯಲ್ಲಿರುವ ಊರು. ಔಷಧ ಕಂಪನಿಗಳಿಂದಾಗಿ ನಮ್ಮ ಕಡೆಯವರು ಕೆಲವರು ಅಲ್ಲಿ ನೆಲೆಸಿದ್ದಾರೆ. ಕ್ಲಬ್ ಹುಟ್ಟಿದ್ದು 1893ರ ನವೆಂಬರ್ 15ರಂದು, ಒಂದು ಪತ್ರಿಕಾ ಜಾಹೀರಾತಿನಿಂದ. ಫುಟ್‌ಬಾಲ್ ಆಡಲು ಇಷ್ಟ ಇದ್ದವರು ಬನ್ನಿ ಅಂತ ಸ್ಥಳೀಯ ಪತ್ರಿಕೆಯಲ್ಲಿ ಕರೆದಿದ್ದರು.

ಅದಾದ ಆರು ವರ್ಷಕ್ಕೆ ಬಾರ್ಸಿಲೋನಾದಲ್ಲಿ ಇನ್ನೊಬ್ಬರು ಇದೇ ರೀತಿ ಜಾಹೀರಾತು ಕೊಟ್ಟರು. ಅವರ ಹೆಸರು ಹಾನ್ಸ್ ಗ್ಯಾಂಪರ್. ಸ್ಪೇನ್‌ನವರಿಗೆ ಅವರು ಜೋನ್ ಗ್ಯಾಂಪರ್, ಬಾರ್ಸಿಲೋನಾ ಕ್ಲಬ್ಬಿನ ಸ್ಥಾಪಕ. ಹುಟ್ಟಿದ್ದು ವಿಂಟರ್‌ಟೂರ್ ಊರಿನಲ್ಲಿ, 1877ರಲ್ಲಿ. ಬಾರ್ಸಿಲೋನಾಕ್ಕೆ ಹೋಗುವ ಮೊದಲು ಬಾಸೆಲ್ ತಂಡದ ನಾಯಕರಾಗಿದ್ದರು. 1896ರಲ್ಲಿ ಎಫ್‌ಸಿ ಜ್ಯೂರಿಚ್ ಕಟ್ಟಿದವರಲ್ಲೂ ಇದ್ದರು. ಬಾಸೆಲ್‌ನ ಕೆಂಪು-ನೀಲಿಯೇ ಬಾರ್ಸಿಲೋನಾದ ಅಂಗಿಗೆ ಹೋಯಿತು ಅಂತ ಬಾಸೆಲ್ ಜನ ನಂಬುತ್ತಾರೆ. ಬಣ್ಣದ ಬಗ್ಗೆ ಬೇರೆ ಕಥೆಗಳೂ ಇವೆ. ಆದರೆ ಆ ಮನುಷ್ಯ ಎರಡೂ ಅಂಗಿ ತೊಟ್ಟಿದ್ದು ಮಾತ್ರ ಖಂಡಿತ.

ಬಾಸೆಲ್‌ನ ನಿಜವಾದ ಶಕ್ತಿ ಹುಡುಗರನ್ನು ಗುರುತಿಸುವ ಕಣ್ಣು. ಮೊಹಮ್ಮದ್ ಸಲಾ ಅಲ್ಲಿಗೆ ಬಂದ ಕಥೆ ಕೇಳಿ. 2012ರ ಫೆಬ್ರವರಿಯಲ್ಲಿ ಈಜಿಪ್ಟಿನ ಪೋರ್ಟ್ ಸಯೀದ್ ಕ್ರೀಡಾಂಗಣದಲ್ಲಿ ಗಲಭೆಯಾಗಿ 70ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಲೀಗ್ ನಿಂತುಹೋಯಿತು. ಬಾಸೆಲ್ ಆಗಲೇ ಸಲಾ ಮೇಲೆ ಕಣ್ಣಿಟ್ಟಿತ್ತು. ಮಾರ್ಚ್‌ನಲ್ಲಿ ಈಜಿಪ್ಟಿನ 23 ವರ್ಷದೊಳಗಿನ ತಂಡವನ್ನು ಕರೆಸಿ ಒಂದು ಸ್ನೇಹ ಪಂದ್ಯ ಆಡಿಸಿದರು. ಸಲಾ ಎರಡನೇ ಅರ್ಧದಲ್ಲಿ ಇಳಿದು ಎರಡು ಗೋಲು ಹೊಡೆದ. ಬಾಸೆಲ್ 4-3ರಲ್ಲಿ ಸೋತಿತು. ಆದರೆ ಬೇಕಾದ ಆಟಗಾರ ಸಿಕ್ಕಿದ್ದ. ಅದೇ ಬೇಸಿಗೆಯಲ್ಲಿ ಜೆರ್ದಾನ್ ಶಕೀರಿ ಬಯರ್ನ್ ಮ್ಯೂನಿಕ್‌ಗೂ ಗ್ರಾನಿತ್ ಜಾಕಾ ಮೊನ್‌ಶೆನ್‌ಗ್ಲಾಡ್‌ಬಾಕ್‌ಗೂ ಹೋದರು. ಅವರು ಹೊರಟಾಗ ಸಲಾ ಒಳಗೆ ಬಂದಾಗಿತ್ತು. ಮುಂದಿನ ವರ್ಷ ಚಾಂಪಿಯನ್ಸ್ ಲೀಗಿನಲ್ಲಿ ಚೆಲ್ಸಿಯನ್ನು ಬಾಸೆಲ್ ಎರಡೂ ಪಂದ್ಯಗಳಲ್ಲಿ ಸೋಲಿಸಿತು. ಎರಡರಲ್ಲೂ ಸಲಾ ಗೋಲು ಇತ್ತು. 2014ರ ಜನವರಿಯಲ್ಲಿ ಅದೇ ಚೆಲ್ಸಿ ಅವನನ್ನು ಕೊಂಡುಕೊಂಡಿತು.

ಇವಾನ್ ರಾಕಿಟಿಚ್, ಯಾನ್ ಸೊಮ್ಮರ್, ಬ್ರೀಲ್ ಎಂಬೊಲೊ, ಮನುಯೆಲ್ ಅಕಾಂಜಿ, ಎಲ್ಲರೂ ಇದೇ ಬಾಗಿಲಿನಿಂದ ಹೊರಗೆ ಹೋದವರು. ಹಳೇ ತಲೆಮಾರಿನಲ್ಲಿ ಓಟ್‌ಮಾರ್ ಹಿಟ್ಸ್‌ಫೆಲ್ಡ್ ಇದ್ದರು. ಮುಂದೆ ಡಾರ್ಟ್‌ಮಂಡ್ ಮತ್ತು ಬಯರ್ನ್ ಎರಡಕ್ಕೂ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಕೋಚ್ ಅವರು. 1970ರ ದಶಕದ ಆರಂಭದಲ್ಲಿ ಬಾಸೆಲ್‌ನ ಮುಂಚೂಣಿ ಆಟಗಾರ. ಆಗಿನ ಕೋಚ್ ಹೆಲ್ಮುಟ್ ಬೆಂಟ್‌ಹೌಸ್ 1965ರಿಂದ 1982ರವರೆಗೆ ಒಂದೇ ಕ್ಲಬ್ಬಿನಲ್ಲಿದ್ದು ಏಳು ಲೀಗ್ ಪಟ್ಟ ತಂದರು. ಇವತ್ತು ಯಾವ ಕೋಚ್‌ಗೆ ಅಷ್ಟು ಕಾಲ ಸಿಗುತ್ತದೆ ಹೇಳಿ?

ಜಾಕಾ ಮನೆಯ ಕಥೆಯನ್ನು ಬಿಡುವ ಹಾಗಿಲ್ಲ. ಅಣ್ಣ ತೌಲಾಂತ್, ತಮ್ಮ ಗ್ರಾನಿತ್, ಇಬ್ಬರೂ ಬಾಸೆಲ್‌ನಲ್ಲೇ ಕಲಿತವರು. ಅಣ್ಣ ಅಲ್ಬೇನಿಯಾ ಪರ ಆಡಲು ಒಪ್ಪಿದ, ತಮ್ಮ ಸ್ವಿಟ್ಜರ್ಲೆಂಡ್ ಪರ. 2016ರ ಜೂನ್ 11ರಂದು ಯೂರೋ ಕಪ್‌ನಲ್ಲಿ ಎದುರುಬದುರಾದರು. ಆ ಟೂರ್ನಿಯಲ್ಲಿ ಅಣ್ಣ ತಮ್ಮ ಎದುರಾಳಿಗಳಾಗಿ ಆಡಿದ್ದು ಅದೇ ಮೊದಲು. ಅಮ್ಮ ಎರಡೂ ದೇಶದ ಬಾವುಟ ಅರ್ಧರ್ಧ ಇದ್ದ ಅಂಗಿ ತೊಟ್ಟು ಕೂತಿದ್ದರು. ತಮ್ಮ ದೇಶ ದೇಶ ಸುತ್ತಿದ. ಅಣ್ಣ ಸ್ವಲ್ಪ ಕಾಲ ಜ್ಯೂರಿಚ್‌ನ ಗ್ರಾಸ್‌ಹಾಪರ್ ಕ್ಲಬ್ಬಿಗೆ ಎರವಲು ಹೋಗಿದ್ದು ಬಿಟ್ಟರೆ ಬಾಸೆಲ್‌ನಲ್ಲೇ ಉಳಿದ. ಬಾಸೆಲ್ ಬೀದಿಗಳಲ್ಲಿ ಅವನ ಮೇಲಿರುವ ಪ್ರೀತಿ ತಮ್ಮನ ಮೇಲಿರುವುದಕ್ಕಿಂತ ಕಡಿಮೆ ಏನಲ್ಲ.

ಹಾಗಾದರೆ ಇಲ್ಲಿ ಉಳಿಯುವುದೇನು? ಗೆಲ್ಲುವ ಅಭ್ಯಾಸ ಅಂತ ಥಟ್ಟನೆ ಹೇಳಬಹುದು. 2010ರಿಂದ 2017ರವರೆಗೆ ಸತತ ಎಂಟು ಪಟ್ಟ ಗೆದ್ದ ಕ್ಲಬ್ ಇದು. ಆದರೆ ಇದೇ ಕ್ಲಬ್ 1988ರಲ್ಲಿ ಕೆಳ ವಿಭಾಗಕ್ಕೆ ಬಿದ್ದು ಆರು ವರ್ಷ ಅಲ್ಲೇ ಇತ್ತು. 1980ರ ಪಟ್ಟದ ನಂತರ ಮುಂದಿನದಕ್ಕೆ 2002ರವರೆಗೆ ಕಾದಿತ್ತು. ನನಗನ್ನಿಸುವುದು, ಇಲ್ಲಿ ಉಳಿಯುವುದು ಮರಳಿ ಬರುವ ದಾರಿ. ಶಕೀರಿ 2024ರ ಆಗಸ್ಟ್‌ನಲ್ಲಿ 32ನೇ ವಯಸ್ಸಿನಲ್ಲಿ ವಾಪಸ್ ಬಂದ. ವಿದಾಯದ ಸುತ್ತು ಅಂದುಕೊಂಡವರೇ ಜಾಸ್ತಿ. ಆ ಋತುವಿನಲ್ಲಿ 18 ಗೋಲು ಹೊಡೆದು ಲೀಗಿನಲ್ಲೇ ಮೊದಲಿಗನಾದ. ಬಾಸೆಲ್ ಲೀಗನ್ನೂ ಗೆದ್ದಿತು, ದೇಶದ ನಾಕೌಟ್ ಟೂರ್ನಿಯಾದ ಸ್ವಿಸ್ ಕಪ್ಪನ್ನೂ ಗೆದ್ದಿತು.

ಅವರ ಸೇಂಟ್ ಯಾಕೊಬ್ ಪಾರ್ಕ್ ಕ್ರೀಡಾಂಗಣವನ್ನು ಊರಿನವರು ಪ್ರೀತಿಯಿಂದ ಯೊಗ್ಗೆಲಿ ಅನ್ನುತ್ತಾರೆ. ಹೆರ್ಜೋಗ್ ಮತ್ತು ಡಿ ಮ್ಯೂರೋನ್ ಸಂಸ್ಥೆಯ ವಿನ್ಯಾಸ, 2001ರಲ್ಲಿ ತೆರೆಯಿತು. ದೇಶದಲ್ಲೇ ಅತಿ ದೊಡ್ಡದು. ಅದೇ ಕಟ್ಟಡದಲ್ಲಿ ಅಂಗಡಿಗಳ ಜೊತೆಗೆ ಹಿರಿಯರ ವಾಸದ ಮನೆಯೂ ಇದೆ. ನನಗೆ ಈ ಕ್ಲಬ್ಬಿನ ಬಗ್ಗೆ ಅತಿ ಇಷ್ಟವಾದ ಸಂಗತಿ ಇದೇ ಇರಬೇಕು.

ಯಂಗ್ ಬಾಯ್ಸ್: ಬಾಸೆಲ್‌ಗೆ ನೇರ ಪೈಪೋಟಿ

ಬಾಸೆಲ್ ಬೇಡ, ಆದರೆ ಯೂರೋಪಿನ ದೊಡ್ಡ ಪಂದ್ಯಗಳು ಬೇಕು ಅನ್ನುವವರಿಗೆ ಬರ್ನ್ ನಗರದ ಯಂಗ್ ಬಾಯ್ಸ್. ಕರೆಯುವುದು ವೈಬಿ ಅಂತ. 1898ರಲ್ಲಿ ವಿದ್ಯಾರ್ಥಿಗಳು ಕಟ್ಟಿದರು. ಬಾಸೆಲ್‌ನಲ್ಲಿ ಆಗಲೇ ಓಲ್ಡ್ ಬಾಯ್ಸ್ ಅನ್ನುವ ಕ್ಲಬ್ ಇತ್ತು, ಅದಕ್ಕೆ ಉತ್ತರವಾಗಿ ಈ ಹೆಸರಿಟ್ಟರು. ಹಳದಿ-ಕಪ್ಪು ಬಣ್ಣ.

ಅವರ ವಾಂಕ್‌ಡೋರ್ಫ್ ಮೈದಾನದಲ್ಲೇ 1954ರ ವಿಶ್ವಕಪ್ ಫೈನಲ್ ನಡೆಯಿತು. ಸೋಲೇ ಇಲ್ಲದೆ ಬಂದಿದ್ದ ಹಂಗೇರಿಯನ್ನು ಪಶ್ಚಿಮ ಜರ್ಮನಿ 3-2ರಲ್ಲಿ ಸೋಲಿಸಿದ ಪಂದ್ಯ. ಹಳೇ ಕಟ್ಟಡ ಈಗಿಲ್ಲ, ಅದೇ ಜಾಗದಲ್ಲಿ 2005ರಲ್ಲಿ ಹೊಸದು ಬಂತು. ಮೈದಾನದಲ್ಲಿ ಕೃತಕ ಹುಲ್ಲು. ಇದು ನನಗೆ ಇಷ್ಟವಿಲ್ಲ, ಚೆಂಡು ಪುಟಿಯುವ ರೀತಿಯೇ ಬೇರೆ.

ವೈಬಿ 1959ರಲ್ಲಿ ಯೂರೋಪಿಯನ್ ಕಪ್, ಅಂದರೆ ಈಗಿನ ಚಾಂಪಿಯನ್ಸ್ ಲೀಗ್, ಸೆಮಿಫೈನಲ್ ಆಡಿತ್ತು. ಫ್ರಾನ್ಸಿನ ರೀಮ್ಸ್ ವಿರುದ್ಧ ತವರಿನಲ್ಲಿ 1-0 ಗೆದ್ದು, ಅಲ್ಲಿ 3-0 ಸೋತಿತು. 1986ರ ಲೀಗ್ ಪಟ್ಟದ ನಂತರ 32 ವರ್ಷ ಕಾಯಬೇಕಾಯಿತು. 2018ರ ಏಪ್ರಿಲ್ 28ರಂದು ಲುಸರ್ನ್ ವಿರುದ್ಧ ಪಂದ್ಯ 1-1 ಇದ್ದಾಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ವರ್ಷಗಟ್ಟಲೆ ಅದೇ ಕ್ಲಬ್ಬಿನಲ್ಲಿದ್ದ ಗೋಲ್‌ಕೀಪರ್ ಮಾರ್ಕೊ ವೋಲ್ಫ್ಲಿ ಅದನ್ನು ತಡೆದ. ಕೊನೆಗಳಿಗೆಯಲ್ಲಿ ವೈಬಿಯ ಎನ್‌ಸಾಮೆ ಗೋಲು ಹೊಡೆದ. ಆ ರಾತ್ರಿ ಬರ್ನ್ ನಿದ್ದೆ ಮಾಡಲಿಲ್ಲ. ಅಲ್ಲಿಂದ 2024ರವರೆಗೆ ಏಳು ಋತುಗಳಲ್ಲಿ ಆರು ಪಟ್ಟ. 2021ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 95ನೇ ನಿಮಿಷದಲ್ಲಿ ಗೆದ್ದಿದ್ದೂ ಇವರೇ. ಪಂದ್ಯದ ಕೊನೆಯ 15 ನಿಮಿಷಕ್ಕೆ ಇಲ್ಲಿ ವೈಬಿ ಕಾಲು ಗಂಟೆ ಅಂತಲೇ ಹೆಸರು. ಆಗ ಸೋಲುತ್ತಿದ್ದರೂ ಯಾರೂ ಎದ್ದು ಹೋಗುವುದಿಲ್ಲ.

ಬಾಸೆಲ್ಲಾ, ವೈಬಿಯಾ ಅಂತ ಎರಡರಲ್ಲೇ ಆರಿಸಬೇಕಾದರೆ? ಹೊಸ ಪ್ರತಿಭೆ ನೋಡೋಕೆ ಬಾಸೆಲ್. ತಾಳ್ಮೆ ಇದ್ದು, ಕೊನೆ ಶಿಳ್ಳೆಯವರೆಗೆ ಕೂರುವವರಿಗೆ ವೈಬಿ.

ಜ್ಯೂರಿಚ್‌ನಲ್ಲಿ ಎರಡು ಕ್ಲಬ್, ಒಂದೇ ಮೈದಾನ

ನಮ್ಮ ಐಟಿ ಜನ ಜಾಸ್ತಿ ಹೋಗುವುದು ಜ್ಯೂರಿಚ್‌ಗೆ. ಅಲ್ಲಿ ಆಯ್ಕೆ ಕಷ್ಟ. ಗ್ರಾಸ್‌ಹಾಪರ್ ಮತ್ತು ಎಫ್‌ಸಿ ಜ್ಯೂರಿಚ್ ಎರಡೂ ಲೆಟ್ಸಿಗ್ರುಂಡ್ ಕ್ರೀಡಾಂಗಣದಲ್ಲೇ ಆಡುತ್ತವೆ. ಅದು ಮೂಲತಃ ಎಫ್‌ಸಿ ಜ್ಯೂರಿಚ್‌ನ ತವರು. ಗ್ರಾಸ್‌ಹಾಪರ್‌ನ ಹಾರ್ಡ್‌ಟುರ್ಮ್ 2007ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಹೊಸ ಮೈದಾನ ಕಟ್ಟಲು ಊರಿನ ಜನ 2018ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಮತ ಹಾಕಿ ಒಪ್ಪಿಗೆ ಕೊಟ್ಟರು. ಆಮೇಲೂ ತಕರಾರುಗಳಲ್ಲಿ ಕೆಲಸ ವರ್ಷಗಟ್ಟಲೆ ಸಿಕ್ಕಿಬಿತ್ತು. ಲೆಟ್ಸಿಗ್ರುಂಡ್‌ನಲ್ಲಿ ಓಟದ ಟ್ರ್ಯಾಕ್ ಇದೆ, ಆಟ ದೂರ ಕಾಣುತ್ತದೆ. ಆದರೆ ಟ್ರ್ಯಾಕಿಗೂ ಇತಿಹಾಸವಿದೆ. ಜರ್ಮನಿಯ ಆರ್ಮಿನ್ ಹಾರಿ 1960ರಲ್ಲಿ 100 ಮೀಟರ್ ಅನ್ನು 10.0 ಸೆಕೆಂಡಿನಲ್ಲಿ ಓಡಿದ್ದು ಇಲ್ಲೇ, ಹಳೇ ಲೆಟ್ಸಿಗ್ರುಂಡ್‌ನಲ್ಲಿ.

ಗ್ರಾಸ್‌ಹಾಪರ್ 1886ರಲ್ಲಿ ಹುಟ್ಟಿತು. ಟಾಮ್ ಗ್ರಿಫಿತ್ ಅನ್ನುವ ಇಂಗ್ಲಿಷ್ ವಿದ್ಯಾರ್ಥಿ ಕಟ್ಟಿದ ಕ್ಲಬ್. ಬ್ಲ್ಯಾಕ್‌ಬರ್ನ್ ರೋವರ್ಸ್‌ನ ನೀಲಿ-ಬಿಳಿಯನ್ನೇ ಇಲ್ಲಿಗೂ ತಂದ. 27 ಲೀಗ್ ಪಟ್ಟ, 19 ಕಪ್, ಎರಡೂ ದೇಶದ ದಾಖಲೆ. ಆದರೆ ಕೊನೆಯ ಲೀಗ್ ಪಟ್ಟ 2003ರಲ್ಲಿ ಬಂದಿದ್ದು. 2019ರಲ್ಲಿ ಕೆಳ ವಿಭಾಗಕ್ಕೂ ಬಿತ್ತು. 2024ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಎಫ್‌ಸಿ ಇದರ ಹೆಚ್ಚಿನ ಪಾಲು ಕೊಂಡಿತು.

ಈ ಕ್ಲಬ್ಬಿನಲ್ಲಿ ನನ್ನನ್ನು ಸೆಳೆಯುವವರು ಕಾರ್ಲ್ ರಾಪ್ಪನ್. ಆಸ್ಟ್ರಿಯಾದಿಂದ ಬಂದ ಕೋಚ್. ಸ್ವಿಸ್ ಆಟಗಾರರಿಗೆ ದೊಡ್ಡ ದೇಶಗಳ ವೃತ್ತಿಪರರಷ್ಟು ಕಸುವಿಲ್ಲ ಅನ್ನುವುದನ್ನು ಒಪ್ಪಿಕೊಂಡೇ ಅವರು ಲೆಕ್ಕ ಹಾಕಿದರು. ರಕ್ಷಣಾ ಸಾಲಿನ ಹಿಂದೆ ಇನ್ನೊಬ್ಬನನ್ನು ನಿಲ್ಲಿಸಿದರು. ಮುಂದಿನವನು ಎಡವಿದರೆ ಇವನು ಹಿಡಿಯಬೇಕು. ಜಿನೀವಾದ ಸರ್ವೆಟ್ ಕ್ಲಬ್ಬಿನಲ್ಲಿ ಶುರು ಮಾಡಿದ್ದನ್ನು ಗ್ರಾಸ್‌ಹಾಪರ್‌ನಲ್ಲಿ ಬೆಳೆಸಿ ರಾಷ್ಟ್ರೀಯ ತಂಡಕ್ಕೂ ತಂದರು. 1938ರ ವಿಶ್ವಕಪ್‌ನಲ್ಲಿ, ಪ್ಯಾರಿಸ್‌ನಲ್ಲಿ, ಎರಡು ಗೋಲು ಹಿಂದಿದ್ದ ಸ್ವಿಟ್ಜರ್ಲೆಂಡ್ 4-2ರಲ್ಲಿ ಜರ್ಮನಿಯನ್ನು ಮನೆಗೆ ಕಳಿಸಿತು. ಇಟಲಿಯವರು ಮುಂದೆ ಹೆಸರು ಮಾಡಿದ ರಕ್ಷಣೆಯ ಆಟಕ್ಕೆ ಇದೇ ಬೇರು.

ಎಫ್‌ಸಿ ಜ್ಯೂರಿಚ್ ಇನ್ನೊಂದು ತೆರ. ಅದಕ್ಕೆ ಮಧ್ಯದ ದಾರಿಯೇ ಗೊತ್ತಿಲ್ಲ. 2006ರ ಮೇ 13ರಂದು ಲೀಗಿನ ಕೊನೆಯ ಸುತ್ತು, ಬಾಸೆಲ್‌ನಲ್ಲಿ. ಡ್ರಾ ಆದರೆ ಬಾಸೆಲ್ ಚಾಂಪಿಯನ್. 93ನೇ ನಿಮಿಷದಲ್ಲಿ ರೊಮೇನಿಯಾದ ಫಿಲಿಪೆಸ್ಕು ಗೋಲು ಹೊಡೆದ. ಪಟ್ಟ ಜ್ಯೂರಿಚ್‌ಗೆ ಹೋಯಿತು, 25 ವರ್ಷದ ನಂತರ. ಆಮೇಲೆ ಮೈದಾನಕ್ಕೆ ಜನ ನುಗ್ಗಿ ದೊಡ್ಡ ಗಲಾಟೆಯಾಯಿತು, ಆ ಕಪ್ಪುಚುಕ್ಕೆ ಇನ್ನೂ ಹೋಗಿಲ್ಲ. ಹತ್ತು ವರ್ಷ ಕಳೆದು, 2016ರ ಮೇನಲ್ಲಿ, ಇದೇ ಕ್ಲಬ್ ಕೆಳ ವಿಭಾಗಕ್ಕೆ ಬಿತ್ತು. ಬಿದ್ದ ನಾಲ್ಕೇ ದಿನಕ್ಕೆ ಲುಗಾನೊವನ್ನು 1-0 ಸೋಲಿಸಿ ಸ್ವಿಸ್ ಕಪ್ ಗೆದ್ದಿತು! ಹಾಗಾಗಿ ಎರಡನೇ ವಿಭಾಗದಲ್ಲಿ ಇದ್ದುಕೊಂಡೇ ಯೂರೋಪಾ ಲೀಗ್ ಆಡಿತು. ಮತ್ತೆ 2022ರಲ್ಲಿ ಚಾಂಪಿಯನ್.

ಜ್ಯೂರಿಚ್‌ನಲ್ಲಿ ಇರುವವರಿಗೆ ನನ್ನ ಸಲಹೆ ಎಫ್‌ಸಿ ಜ್ಯೂರಿಚ್. ಗ್ರಾಸ್‌ಹಾಪರ್‌ನ ಇತಿಹಾಸ ಓದಲು ಚೆಂದ. ಆದರೆ ವಾರ ವಾರ ಹೋಗಿ ಕೂರಲು ಜೀವಂತಿಕೆ ಇರುವುದು ಇನ್ನೊಂದು ಕಡೆ.

ಸೇಂಟ್ ಗ್ಯಾಲನ್: ನನ್ನ ಆಯ್ಕೆ

ಪಟ್ಟಗಳ ಪಟ್ಟಿ ನೋಡಿ ಆರಿಸುವುದಾದರೆ ಎಫ್‌ಸಿ ಸೇಂಟ್ ಗ್ಯಾಲನ್ ಯಾರ ಕಣ್ಣಿಗೂ ಬೀಳುವುದಿಲ್ಲ. ಗೆದ್ದಿರುವ ಲೀಗ್ ಪಟ್ಟ ಎರಡು. ಒಂದು 1904ರಲ್ಲಿ, ಇನ್ನೊಂದು 2000ದಲ್ಲಿ. ನಡುವೆ 96 ವರ್ಷ. ಆದರೂ ದೇಶದ ಅತಿ ಹಳೇ ಕ್ಲಬ್ ಇದೇ. 1879ರ ಏಪ್ರಿಲ್ 19ರಂದು ಹುಟ್ಟಿತು. ಬ್ರಿಟನ್ ಬಿಟ್ಟರೆ ಯೂರೋಪಿನಲ್ಲಿ ಇಂದಿಗೂ ಉಳಿದಿರುವ ಅತಿ ಹಳೇ ಫುಟ್‌ಬಾಲ್ ಕ್ಲಬ್ಬುಗಳ ಸಾಲಿನಲ್ಲಿ ಇದರ ಹೆಸರು ಮುಂದಿದೆ. ಕಸೂತಿ ಬಟ್ಟೆಗೆ ಹೆಸರಾದ, ದೇಶದ ಪೂರ್ವ ತುದಿಯ ಊರು. ಹಸಿರು-ಬಿಳಿ ಬಣ್ಣ.

2000ದ ಆ ಪಟ್ಟ ಬಂದಿದ್ದು ಮಾರ್ಸೆಲ್ ಕೊಲ್ಲರ್ ಕೋಚ್ ಆಗಿದ್ದಾಗ. ಘಾನಾದ ಚಾರ್ಲ್ಸ್ ಅಮೋವಾ 25 ಗೋಲು ಹೊಡೆದ. ಅದೇ ವರ್ಷ ಯುಇಎಫ್‌ಎ ಕಪ್‌ನಲ್ಲಿ ಚೆಲ್ಸಿ ಎದುರಾಯಿತು. ಲಂಡನ್‌ನಲ್ಲಿ 1-0 ಸೋತು ಬಂದು, ಇಲ್ಲಿ 2-0 ಗೆದ್ದು ಚೆಲ್ಸಿಯನ್ನು ಹೊರಗೆ ಹಾಕಿದರು. ಅದಕ್ಕೂ ಮೊದಲು ಚಿಲಿಯ ಇವಾನ್ ಜಮೊರಾನೊ ಇಲ್ಲಿ ಆಡುತ್ತಿದ್ದ. 1990ರಲ್ಲಿ ಲೀಗಿನ ಅತಿ ಹೆಚ್ಚು ಗೋಲು ಅವನದು. ಆಮೇಲೆ ಸ್ಪೇನ್‌ಗೆ ಹೋಗಿ ರಿಯಲ್ ಮ್ಯಾಡ್ರಿಡ್‌ನ ತಾರೆಯಾದ.

ಆದರೆ ಈ ಕ್ಲಬ್ಬಿಗೆ ನಾನು ಮನಸೋತಿದ್ದು ಗೆದ್ದ ಪಂದ್ಯಗಳಿಂದಲ್ಲ. 2020ರ ಫೆಬ್ರವರಿ 23. ಸೇಂಟ್ ಗ್ಯಾಲನ್ ಮತ್ತು ವೈಬಿ ಪಟ್ಟಿಯ ತುದಿಯಲ್ಲಿ ಹೆಗಲಿಗೆ ಹೆಗಲು. ಮೈದಾನ ಭರ್ತಿ. ಸೇಂಟ್ ಗ್ಯಾಲನ್ ತಂಡದಲ್ಲಿ ಬಹುಪಾಲು ಎಳೆಯ ಹುಡುಗರು. 3-2 ಮುಂದಿದ್ದಾರೆ. ಹೆಚ್ಚುವರಿ ಸಮಯದಲ್ಲಿ ವೈಬಿಗೆ ಪೆನಾಲ್ಟಿ. ಹೊಡೆಯಲು ಬಂದವನು ಗಿಯೋಮ್ ಓರೋ, ಪೆನಾಲ್ಟಿ ತಪ್ಪಿಸುವವನೇ ಅಲ್ಲ. ಗೋಲ್‌ಕೀಪರ್ ಆತಿ ಜಿಗಿ ಹಾರಿ ತಡೆದುಬಿಟ್ಟ! ಊರೇ ಕುಣಿಯಿತು. ಅಷ್ಟರಲ್ಲಿ ವಿಡಿಯೋ ರೆಫ್ರಿಯಿಂದ ಸಂದೇಶ. ಗೋಲ್‌ಕೀಪರ್ ಗೆರೆಯಿಂದ ಮುಂದೆ ಬಂದಿದ್ದ, ಮತ್ತೆ ಹೊಡೆಯಿರಿ. ಎರಡನೇ ಸಲ ಚೆಂಡು ಒಳಗೆ ಹೋಯಿತು. 3-3. ಸ್ವಲ್ಪ ದಿನಕ್ಕೇ ಕೊರೋನಾದಿಂದ ಮೈದಾನಗಳು ಮುಚ್ಚಿದವು. ಲೀಗ್ ಮತ್ತೆ ಶುರುವಾಗಿ ಮುಗಿದಾಗ ವೈಬಿ ಚಾಂಪಿಯನ್, ಸೇಂಟ್ ಗ್ಯಾಲನ್ ಎರಡನೆಯದು. ಆ ಪಂದ್ಯದ ತುಣುಕುಗಳನ್ನು ಹುಡುಕಿ ನೋಡಿ. ಸ್ವಿಸ್ ಲೀಗ್ ಸಪ್ಪೆ ಅನ್ನುವವರಿಗೆ ಅದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ತಿರ ಇಲ್ಲ.

ಇಲ್ಲಿ ಏನು ಉಳಿಯುತ್ತದೆ ಅಂದರೆ, ಜನ. 2008ರಲ್ಲಿ ಕೆಳ ವಿಭಾಗಕ್ಕೆ ಬಿದ್ದ ವರ್ಷವೇ ಹೊಸ ಕ್ರೀಡಾಂಗಣ ತೆರೆಯಿತು. ಒಂದೇ ವರ್ಷದಲ್ಲಿ ಮೇಲೆ ಬಂದರು. 2011ರಲ್ಲಿ ಮತ್ತೆ ಬಿದ್ದರು, ಮತ್ತೆ ಒಂದೇ ವರ್ಷದಲ್ಲಿ ಎದ್ದರು. ಜನ ಮಾತ್ರ ಬಿಟ್ಟುಹೋಗಲಿಲ್ಲ. ಮೈದಾನದಲ್ಲಿ ಊರಿನ ಬಿಳಿ ಸಾಸೇಜ್ ಸಿಗುತ್ತದೆ. ಮಾಂಸ ತಿನ್ನುವವರು ಹೋದರೆ ಒಂದು ನೆನಪಿಡಿ, ಅದಕ್ಕೆ ಸಾಸಿವೆ ಹಚ್ಚಿಕೊಳ್ಳಬಾರದು. ಸೇಂಟ್ ಗ್ಯಾಲನ್‌ನವರಿಗೆ ಇದು ಮರ್ಯಾದೆಯ ವಿಷಯ.

ಉಳಿದವುಗಳಲ್ಲಿ ಯಾರಿಗೆ ಯಾವುದು?

ನಾಕೌಟ್ ಪಂದ್ಯಗಳ ರೋಚಕತೆ ಇಷ್ಟವಾದರೆ ಸಿಯೋನ್. ಆಲ್ಪ್ಸ್ ನಡುವಿನ ವಾಲೆ ಪ್ರಾಂತ್ಯದ ಕ್ಲಬ್. 1965ರಿಂದ 2015ರವರೆಗೆ 13 ಸಲ ಸ್ವಿಸ್ ಕಪ್ ಫೈನಲ್‌ಗೆ ಹೋಗಿ 13 ಸಲವೂ ಗೆದ್ದರು. 2017ರಲ್ಲಿ ಬಾಸೆಲ್ ಆ ಸರಪಳಿ ಕಡಿಯಿತು. ಲೀಗಿನಲ್ಲಿ ಮಾತ್ರ ನೆಮ್ಮದಿ ಇಲ್ಲದ ಕ್ಲಬ್. 2011-12ರಲ್ಲಿ ಆಟಗಾರರ ನೋಂದಣಿಯ ಜಗಳ ದೊಡ್ಡದಾಗಿ 36 ಅಂಕ ಕಳೆದುಕೊಂಡರು. ಅಷ್ಟು ಅಂಕ ಹೋದರೂ ಪ್ಲೇಆಫ್ ಗೆದ್ದು ಮೇಲಿನ ವಿಭಾಗದಲ್ಲೇ ಉಳಿದರು. ಕೋಚ್‌ಗಳು ಇಲ್ಲಿ ಬಂದಷ್ಟೇ ಬೇಗ ಹೋಗುತ್ತಾರೆ, ಆದ್ದರಿಂದ ಆಟದ ಶೈಲಿ ಸ್ಥಿರವಾಗಿರಬೇಕು ಅನ್ನುವವರಿಗೆ ಇದು ಸರಿಹೋಗದು.

ಜಿನೀವಾದಲ್ಲಿದ್ದರೆ ಸರ್ವೆಟ್ ಬಿಟ್ಟು ಬೇರೆ ಯೋಚನೆ ಬೇಡ. 1890ರಲ್ಲಿ ರಗ್ಬಿ ಕ್ಲಬ್ ಆಗಿ ಶುರುವಾದದ್ದು. ಜರ್ಮನಿಯ ಕಾರ್ಲ್-ಹೈನ್ಸ್ ರುಮ್ಮೆನಿಗೆ ತನ್ನ ಆಟದ ಕೊನೆಯ ಎರಡು ವರ್ಷ ಕಳೆದದ್ದು ಇಲ್ಲೇ. ಕೊನೆಯ ವರ್ಷದಲ್ಲೂ ಲೀಗಿನ ಅತಿ ಹೆಚ್ಚು ಗೋಲು ಅವನದೇ. ಕ್ಲಬ್ 2005ರಲ್ಲಿ ದಿವಾಳಿಯಾಗಿ ಮೂರನೇ ಹಂತಕ್ಕೆ ಇಳಿಯಿತು, 2015ರಲ್ಲಿ ಹಣದ ತೊಂದರೆಯಿಂದ ಮತ್ತೆ ಅಲ್ಲಿಗೇ ಹೋಯಿತು. 2024ರಲ್ಲಿ ಪೆನಾಲ್ಟಿಗಳಲ್ಲಿ ಲುಗಾನೊವನ್ನು ಸೋಲಿಸಿ ಕಪ್ ಎತ್ತಿತು.

ಆ ಲುಗಾನೊ ಇಟಾಲಿಯನ್ ಮಾತಾಡುವ ತಿಚೀನೊ ಪ್ರಾಂತ್ಯದ್ದು. 1995ರಲ್ಲಿ ಮಿಲಾನ್‌ಗೆ ಹೋಗಿ ಇಂಟರ್ ತಂಡವನ್ನು ಅವರ ಮನೆಯಲ್ಲೇ 1-0 ಸೋಲಿಸಿ ಯುಇಎಫ್‌ಎ ಕಪ್‌ನಿಂದ ಹೊರಗೆ ಕಳಿಸಿದ ಕ್ಲಬ್. ಟೂನ್ ಊರಿನದು ಇನ್ನೂ ಚಿಕ್ಕ ಕ್ಲಬ್, 2005ರಲ್ಲಿ ಚಾಂಪಿಯನ್ಸ್ ಲೀಗ್ ಆಡಿ ಆರ್ಸೆನಲ್ ಮೈದಾನದಲ್ಲಿ ಕೊನೆ ನಿಮಿಷದವರೆಗೆ 1-1 ಹಿಡಿದಿಟ್ಟಿತ್ತು. ಬರ್ಗ್‌ಕ್ಯಾಂಪ್ ಗೋಲಿನಿಂದ ಅದು ಕೈತಪ್ಪಿತು.

ಮಕ್ಕಳ ಜೊತೆ ಹೋಗುವವರಿಗೆ ವಿಂಟರ್‌ಟೂರ್. ಶುಟ್ಸೆನ್‌ವೀಸೆ ಮೈದಾನ ಚಿಕ್ಕದು, ಹಳೇದು, ಆಟ ಕೈಗೆಟುಕುವಷ್ಟು ಹತ್ತಿರ. ದೊಡ್ಡವರ ಬಿಯರ್ ಗ್ಯಾಲರಿಗೆ ಜೋಡಿಯಾಗಿ ಮಕ್ಕಳಿಗೆಂದೇ ಶರಬತ್ತಿನ ಗ್ಯಾಲರಿ ಇದೆ. ಮುಂದೆ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ಯೋಆಕಿಮ್ ಲೋವ್ ಇಲ್ಲಿ ಆಡಿ, ಇಲ್ಲಿನ ಹುಡುಗರಿಗೆ ತರಬೇತಿ ಕೊಡುತ್ತಲೇ ಕೋಚಿಂಗ್ ಶುರು ಮಾಡಿದವರು.

ಗೆಲುವು ಸೋಲಿನ ಗೊಡವೆ ಇಲ್ಲದೆ ಸುಮ್ನೆ ವಿಚಿತ್ರ ಕಥೆ ಬೇಕಾದರೆ ಇನ್ನೆರಡು ಇವೆ. ನ್ಯೂಶಾಟೆಲ್‌ನ ಝಾಮಾಕ್ಸ್ ಕ್ಲಬ್ಬಿಗೆ ಹೆಸರು ಬಂದದ್ದು ಮ್ಯಾಕ್ಸ್ ಅಬೆಗ್‌ಲೆನ್ ಎಂಬ ಆಟಗಾರನಿಂದ, ಅವನ ಅಡ್ಡಹೆಸರು ಝಾಮ್. ದೇಶಕ್ಕಾಗಿ 34 ಗೋಲು ಹೊಡೆದಿದ್ದ ಅವನ ದಾಖಲೆ ಮುರಿಯಲು 2008ರಲ್ಲಿ ಅಲೆಕ್ಸ್ ಫ್ರೈ ಬರಬೇಕಾಯಿತು. ಇನ್ನೊಂದು ವಾಡುಜ್. ಅದು ಲಿಕ್ಟನ್‌ಸ್ಟೈನ್ ದೇಶದ ಕ್ಲಬ್, ಆದರೆ ಆಡುವುದು ಸ್ವಿಸ್ ಲೀಗಿನಲ್ಲಿ. 2022ರಲ್ಲಿ ಕಾನ್ಫರೆನ್ಸ್ ಲೀಗ್ ಗುಂಪಿನ ಹಂತಕ್ಕೆ ಹೋಯಿತು. ಆಗ ಅದು ಆಡುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಎರಡನೇ ವಿಭಾಗದಲ್ಲಿ.

ಇನ್ನೂ ಗೊಂದಲ ಇದ್ದರೆ

ಒಂದೇ ಋತು ಸಾಕು, ತೀರ್ಮಾನಕ್ಕೆ ಅವಸರ ಬೇಡ. ಊರಿನಲ್ಲಿ ಕೂತು ನೋಡುವವರಿಗೆ ಅನುಕೂಲ ಏನೆಂದರೆ, ಸ್ವಿಟ್ಜರ್ಲೆಂಡಿಗಿಂತ ನಾವು ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದಿದ್ದೇವೆ. ಅವರ ಭಾನುವಾರ ಮಧ್ಯಾಹ್ನದ ಆಟ ನಮಗೆ ಸಂಜೆಗೋ ಊಟದ ಹೊತ್ತಿಗೋ ಸಿಗುತ್ತದೆ. ಶನಿವಾರ ರಾತ್ರಿಯವು ಮಾತ್ರ ನಡುರಾತ್ರಿ ದಾಟುತ್ತವೆ. ಮೊದಲು ಬಾಸೆಲ್-ಜ್ಯೂರಿಚ್ ಪಂದ್ಯ ನೋಡಿ, 2006ರ ಬಿಸಿ ಇನ್ನೂ ಆರಿಲ್ಲ. ಆಮೇಲೆ ಸೇಂಟ್ ಗ್ಯಾಲನ್ ತವರಿನ ಯಾವುದಾದರೂ ಒಂದು.

ಅಲ್ಲೇ ಇರುವವರಿಗೆ ಇನ್ನೂ ಸುಲಭ. ಜ್ಯೂರಿಚ್‌ನಿಂದ ಬಾಸೆಲ್, ಬರ್ನ್, ಸೇಂಟ್ ಗ್ಯಾಲನ್ ಮೂರೂ ರೈಲಿನಲ್ಲಿ ಸುಮಾರು ಒಂದು ಗಂಟೆ. ಬೆಳಗ್ಗೆ ಮನೆಯಲ್ಲಿ ತಿಂಡಿ ತಿಂದು ಹೊರಟು, ಆಟ ನೋಡಿ, ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಅಭಿಮಾನಿಗಳು ಹಾಡುತ್ತ ನಿಲ್ಲುವ ಗ್ಯಾಲರಿಯಲ್ಲಿ ಮೊದಲ ಸಲವೇ ಟಿಕೆಟ್ ತೆಗೆದುಕೊಳ್ಳಬೇಡಿ, ಉದ್ದದ ಬದಿಯಲ್ಲಿ ಕೂತರೆ ಆಟವೂ ಕಾಣುತ್ತದೆ, ಆ ಗ್ಯಾಲರಿಯೂ ಕಾಣುತ್ತದೆ. ಮತ್ತೆ, ಬಾಸೆಲ್‌ಗೆ ಹೋಗುವ ದಿನ ಜ್ಯೂರಿಚ್‌ನ ಬಿಳಿ-ನೀಲಿ ಶಾಲು ಮನೆಯಲ್ಲೇ ಇರಲಿ.